ತಪ್ಪು ಯಾರದು, ಹೊಣೆ ಯಾರದು?

ಒಂದು ಮನೆಯೊಳಗೆ ಕಷ್ಟವು ಹೊಕ್ಕಾಗ ನೆರೆಹೊರೆಯವರ ಬಾಯಿಂದ ಮೊದಲು ಹೊರಡುವ ಮಾತು ಯಾವದು? "ನಿಮಗೆ ಏನು ಬೇಕು?" ಎಂಬದಲ್ಲ, "ಇದು ಯಾಕೆ ಹೀಗಾಯಿತು? ಯಾರ ತಪ್ಪು?" ಎಂಬದೇ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಸಹ ಮೊದಲು ಇದನ್ನೇ ಕೇಳಿದರೆಂದೂ, ಅವರು ಮುಂದಿಟ್ಟ ಎರಡು ಉತ್ತರಗಳನ್ನೂ ಅವರ ಗುರುವು ತಳ್ಳಿಬಿಟ್ಟನೆಂದೂ ನೀವು ಬಲ್ಲಿರಿ. ಆದರೂ ಆ ಪ್ರಶ್ನೆಯು ನಮ್ಮ ನಾಲಿಗೆಯನ್ನು ಬಿಟ್ಟು ಹೋಗಲಿಲ್ಲ. ಅದರಿಂದ ಬಹಳವಾಗಿ ನೊಂದಿರುವ ಜನರ ಕುರಿತು, ಅಂದರೆ ಆಟಿಸಂ ಉಳ್ಳ ಮಕ್ಕಳು, ದೊಡ್ಡವರು, ಅವರ ತಂದೆತಾಯಿಗಳು ಇವರ ಕುರಿತು ಈ ಸಾರಿ ಸ್ವಲ್ಪ ವಿಚಾರ ಮಾಡೋಣ.

ಆಟಿಸಂ ಎಂಬ ಹೆಸರನ್ನು ಕೇಳದವರೂ ಅಂಥ ಮಗುವನ್ನು ನೋಡದೆ ಇರಲಿಕ್ಕಿಲ್ಲ. ಎರಡು ವರುಷ ತುಂಬಿದರೂ ಆ ಮಗುವು ಹೆಸರು ಹಿಡಿದು ಕರೆದರೆ ತಿರುಗಿ ನೋಡುವದಿಲ್ಲ. ಕಾಗೆಯನ್ನಾಗಲಿ ಚಂದ್ರನನ್ನಾಗಲಿ ಬೆರಳು ಮಾಡಿ ತಾಯಿಗೆ ತೋರಿಸುವದಿಲ್ಲ. ನೀರು ಬೇಕಾದರೆ ಬಾಯಿಂದ ಕೇಳದೆ ತಾಯಿಯ ಕೈಯನ್ನು ಹಿಡಿದು ಕೊಡದ ಬಳಿಗೆ ಎಳೆಯುವದು. ಹುಣಿಸೇಬೀಜಗಳನ್ನು ಸಾಲಾಗಿ ಜೋಡಿಸುತ್ತಾ ಕೂತಿರುವದು. ಯಾರಾದರೂ ಆ ಸಾಲನ್ನು ಕೆಡಿಸಿದರೆ ಮನೆ ಹಾರಿಹೋಗುವಂತೆ ಕೂಗುವದು. ಬಂಡಿಯ ಗಾಲಿ ತಿರುಗುವದನ್ನು ತಾಸುಗಟ್ಟಲೆ ನೋಡುವದು. ಕೆಲವು ಮಕ್ಕಳು ನಾವು ಕೇಳಿದ ಪ್ರಶ್ನೆಯನ್ನೇ ತಿರುಗಿ ನಮಗೆ ಹೇಳುವರು. ಡೊಳ್ಳಿನ ಸಪ್ಪಳಕ್ಕೂ ಪಟಾಕಿಗೂ ಎರಡು ಕಿವಿಗಳನ್ನು ಮುಚ್ಚಿಕೊಂಡು ಮೂಲೆಗೆ ಓಡುವವರುಂಟು. ಹೊಸ ಅಂಗಿಯ ಒರಟು ಬಟ್ಟೆಯನ್ನು ಮೈಮೇಲೆ ತಾಳಲಾರದವರುಂಟು. ಇವೆಲ್ಲವೂ ಒಂದೇ ಮಗುವಿನಲ್ಲಿ ಇರಬೇಕೆಂದಿಲ್ಲ. ಒಬ್ಬನು ಸಾಯುವ ತನಕ ಒಂದು ಮಾತನ್ನೂ ಆಡಲಿಕ್ಕಿಲ್ಲ. ಇನ್ನೊಬ್ಬನು ಕಾಲೇಜಿನಲ್ಲಿ ಕಲಿತು ಉದ್ಯೋಗ ಮಾಡುತ್ತಿದ್ದರೂ ನಾಲ್ಕು ಜನರ ನಡುವೆ ನಿಂತು ಮಾತಾಡುವಾಗ ದಿಕ್ಕುತಪ್ಪಿದವನಂತೆ ಇರಬಹುದು.

ಇದು ಹುಚ್ಚಲ್ಲ, ಅಂಟುರೋಗವಲ್ಲ, ಹಟವೂ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲಿಯೇ ಇರುವ ಒಂದು ಭೇದವು. ಹುಟ್ಟಿನಿಂದ ಕಡೆಯ ವರೆಗೆ ಸಂಗಡ ಇರತಕ್ಕದ್ದು. ೨೦೨೧ರಲ್ಲಿ ಲೋಕದಲ್ಲಿ ಸುಮಾರು ೧೨೭ ಜನರಿಗೆ ಒಬ್ಬರಂತೆ ಇಂಥವರು ಇದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಕೊಟ್ಟಿದೆ. ಹಾಗಾದರೆ ಸಾವಿರ ಜನರ ಹಳ್ಳಿಯಲ್ಲಿ ಏಳೆಂಟು ಮಂದಿ ಇದ್ದರೂ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದೂ ಬರೆಯುವರು. ತನ್ನಲ್ಲಿಯೇ ಮುಳುಗಿರುವದು ಎಂಬದು ಆ ಮಾತಿನ ಅರ್ಥವು. ಅದು ಹೊರಗಿನಿಂದ ನೋಡುವವರು ಇಟ್ಟ ಹೆಸರು. ಒಳಗಿರುವವನಿಗೆ ಪ್ರೀತಿಯೂ ಭಯವೂ ನಾಚಿಕೆಯೂ ನಮ್ಮಂತೆಯೇ ಉಂಟು; ಅವು ಹೊರಗೆ ಬರುವ ದಾರಿಯು ಮಾತ್ರ ಬೇರೆ.

ಇಂಥ ಮಗುವಿನ ಮನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಆ ತಾಯಿಯ ತಲೆಯ ಮೇಲೆ ಎಷ್ಟು ತೀರ್ಪುಗಳು ಬಿದ್ದಿವೆ ಎಂಬದು ತಿಳಿಯುವದು. ಬಸುರಿಯಾಗಿದ್ದಾಗ ಗ್ರಹಣವನ್ನು ನೋಡಿದಳು ಎಂದು ಒಬ್ಬರು, ಹಿಂದಿನ ಜನ್ಮದ ಕರ್ಮವೆಂದು ಇನ್ನೊಬ್ಬರು, ದೆವ್ವ ಹೊಕ್ಕಿದೆ, ಮಂತ್ರ ಹಾಕಿಸಿರಿ ಎಂದು ಮತ್ತೊಬ್ಬರು. ಕೂಸನ್ನು ಬಿಟ್ಟು ಕೂಲಿಗೆ ಹೋದದರಿಂದ ಮಾತು ಬರಲಿಲ್ಲವೆಂದು ಹೇಳುವವರುಂಟು. "ನಮ್ಮ ವಂಶದಲ್ಲಿ ಇಂಥದು ಇರಲಿಲ್ಲ" ಎಂದು ಅತ್ತೆಯು ಹೇಳಿದರೆ, ಆ ಒಂದು ಮಾತಿನಿಂದ ಸೊಸೆಯು ಮನೆಯಲ್ಲಿ ಪರಕೀಯಳಾಗುವಳು. ಹಳೆಯ ನಂಬಿಕೆಗಳನ್ನು ಬಿಟ್ಟೆವೆಂದು ಹೇಳಿಕೊಳ್ಳುವ ನಮ್ಮಲ್ಲಿಯೂ "ಆ ಮನೆಯಲ್ಲಿ ಪ್ರಾರ್ಥನೆ ಸಾಲದು" ಎಂದು ಪಿಸುಗುಟ್ಟುವವರು ಇಲ್ಲವೋ? ಹೆಸರು ಬೇರೆಯಾಯಿತು, ತಾಯಿಯ ಮೇಲಿನ ಹೊರೆ ಅದೇ ಆಗಿ ಉಳಿಯಿತು.

ಇದು ಅಕ್ಷರಬಾರದವರ ಅಜ್ಞಾನವೆಂದು ಪಟ್ಟಣದವರು ನಗಬಾರದು. ಯಾಕಂದರೆ ಲೋಕದ ಮಹಾ ಪಂಡಿತರೂ ಇದೇ ಕೆಸರಿನಲ್ಲಿ ಕಾಲಿಟ್ಟರು. ೧೯೪೩ರಲ್ಲಿ ಅಮೇರಿಕಾ ದೇಶದ ಬಾಲ್ಟಿಮೋರ್ ಪಟ್ಟಣದಲ್ಲಿದ್ದ ಲಿಯೋ ಕ್ಯಾನರ್ ಎಂಬ ಮನೋವೈದ್ಯರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದು ಆಟಿಸಮ್ಮನ್ನು ಲೋಕಕ್ಕೆ ತೋರಿಸಿಕೊಟ್ಟರು. ಅದು ಹುಟ್ಟಿನೊಡನೆ ಬಂದದ್ದೆಂದು ಆ ಬರಹದ ಕಡೆಯಲ್ಲಿ ಹೇಳಿದರು. ಆದರೆ ಆ ಮಕ್ಕಳ ತಂದೆತಾಯಿಗಳಲ್ಲಿ ಮಮತೆಯುಳ್ಳವರು ಕೊಂಚವೇ ಎಂದೂ ಸೇರಿಸಿದರು. ಮೊದಲನೆಯ ಮಾತನ್ನು ಬಿಟ್ಟು ಎರಡನೆಯದನ್ನೇ ಅನೇಕ ವೈದ್ಯರು ಹಿಡಿದುಕೊಂಡರು. ಶಿಕಾಗೋ ನಗರದ ಬ್ರೂನೋ ಬೆಟ್ಟಲ್‌ಹೈಮ್ ಎಂಬವರು ೧೯೬೭ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದು, ತಾಯಿಯ ಮನಸ್ಸು ಮಗುವನ್ನು ಬೇಡವೆಂದದರಿಂದ ಮಗುವು ಹೀಗೆ ಒಳಗೆ ಅಡಗಿಕೊಂಡಿತೆಂದು ಸಾಧಿಸಲು ಪ್ರಯತ್ನಿಸಿದರು. ಹಗಲಿರುಳು ಮಗುವನ್ನು ಕಾಯುತ್ತಿದ್ದ ಸಾವಿರಾರು ತಾಯಂದಿರು ವೈದ್ಯನ ಬಾಗಿಲಿನಿಂದ ಅಪರಾಧಿಗಳಂತೆ ಮನೆಗೆ ಹಿಂತಿರುಗಿದರು.

ಈ ಸುಳ್ಳು ಬಿದ್ದುಹೋದದ್ದು ಹೇಗೆ? ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಃಶಾಸ್ತ್ರಜ್ಞರಿಗೆ ಸ್ವಂತ ಮಗನೇ ಇಂಥವನಾಗಿದ್ದನು. ಅವರು ಇರುವ ಆಧಾರಗಳನ್ನೆಲ್ಲಾ ಶೋಧಿಸಿ, ಇದು ದೇಹದಲ್ಲಿ ಹುಟ್ಟಿದ ಭೇದವೇ ಹೊರತು ತಾಯಿಯ ಮನಸ್ಸಿನಿಂದ ಬಂದದ್ದಲ್ಲವೆಂದು ೧೯೬೪ರಲ್ಲಿಯೇ ಬರೆದಿದ್ದರು. ೧೯೬೯ರಲ್ಲಿ ಕ್ಯಾನರರು ತಾವೇ ತಂದೆತಾಯಿಗಳ ಕೂಟವೊಂದರಲ್ಲಿ ನಿಂತು, ಹೆತ್ತವರ ಮೇಲೆ ತಪ್ಪಿಲ್ಲವೆಂದು ಬಹಿರಂಗವಾಗಿ ತೀರ್ಪು ಹೇಳಿದರು. ೧೯೭೭ರಲ್ಲಿ ಇಂಗ್ಲೆಂಡಿನಲ್ಲಿ ಸೂಸನ್ ಫೋಲ್‌ಸ್ಟೈನ್, ಮೈಕಲ್ ರಟ್ಟರ್ ಎಂಬಿಬ್ಬರು ೨೧ ಜೋಡಿ ಅವಳಿ ಮಕ್ಕಳನ್ನು ಪರೀಕ್ಷಿಸಿದರು. ಒಂದೇ ರೂಪದ ೧೧ ಜೋಡಿಗಳಲ್ಲಿ ೪ ಜೋಡಿಗಳ ಇಬ್ಬರಿಗೂ ಆಟಿಸಂ ಇತ್ತು. ಬೇರೆಬೇರೆ ರೂಪದ ೧೦ ಜೋಡಿಗಳಲ್ಲಿ ಒಂದರಲ್ಲಿಯೂ ಇಬ್ಬರಿಗೂ ಇರಲಿಲ್ಲ. ಒಂದೇ ಮನೆ, ಒಂದೇ ತಾಯಿ, ಒಂದೇ ಮಡಿಲು. ಹೀಗಿರಲಾಗಿ ಭೇದವು ಮಡಿಲಿನಿಂದ ಬರಲಿಲ್ಲ, ರಕ್ತದೊಳಗಿನ ಬೀಜದಿಂದ ಬಂತೆಂದು ತಿಳಿಯಿತು. ಆ ಮೇಲೆ ನಡೆದ ಅನೇಕ ಶೋಧನೆಗಳು ಇದನ್ನೇ ದೃಢಪಡಿಸಿವೆ.

ಆದರೆ ಒಂದು ಸುಳ್ಳು ಸತ್ತರೆ ಇನ್ನೊಂದು ಹುಟ್ಟುವದು. ೧೯೯೮ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಎಂಬ ಲಂಡನಿನ ವೈದ್ಯನು ಹನ್ನೆರಡು ಮಕ್ಕಳ ಸಂಗತಿಯನ್ನು ಬರೆದು, ದಡಾರ ಮೊದಲಾದವುಗಳನ್ನು ತಡೆಯುವ ಚುಚ್ಚುಮದ್ದಿನ ಮೇಲೆ ಸಂಶಯವನ್ನು ಹರಡಿದನು. ೨೦೧೦ರಲ್ಲಿ ಆ ಬರಹವನ್ನು ಪ್ರಕಟಿಸಿದ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ವೈದ್ಯರ ಪಟ್ಟಿಯಿಂದ ಅವನ ಹೆಸರನ್ನೂ ತೆಗೆದುಹಾಕಲಾಯಿತು. ೨೦೧೯ರಲ್ಲಿ ಡೆನ್ಮಾರ್ಕ್ ದೇಶದವರು ಆರೂವರೆ ಲಕ್ಷಕ್ಕಿಂತ ಹೆಚ್ಚು ಮಕ್ಕಳ ಲೆಕ್ಕವನ್ನು ನೋಡಿದಾಗ ಚುಚ್ಚುಮದ್ದು ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಾಗಿ ಕಾಣಲಿಲ್ಲ. ಆದದರಿಂದ ಈ ಭಯದಿಂದ ಯಾರೂ ತಮ್ಮ ಕೂಸನ್ನು ದಡಾರದ ಬಾಯಿಗೆ ಕೊಡಬಾರದು.

ಇಷ್ಟು ಹೇಳಿದ ಮೇಲೆ ಮುಖ್ಯ ಪ್ರಶ್ನೆಗೆ ಬರೋಣ. ಮನುಷ್ಯರು ಇಷ್ಟು ಆತುರದಿಂದ ತಪ್ಪನ್ನು ಹುಡುಕುವದು ಯಾಕೆ? ಕಾರಣವನ್ನು ತಿಳುಕೊಳ್ಳಬೇಕೆಂಬ ಆಶೆಯಿಂದ ಮಾತ್ರವೇ ಅಲ್ಲ. ತಪ್ಪು ಆ ಮನೆಯದೆಂದು ತೀರ್ಮಾನವಾದರೆ ಉಳಿದವರೆಲ್ಲರೂ ನಿಶ್ಚಿಂತೆಯಿಂದ ತಮ್ಮ ತಮ್ಮ ಮನೆಗೆ ಹೋಗಬಹುದು. "ಅವಳು ಮಾಡಿದ್ದನ್ನು ಅವಳು ಉಣ್ಣಲಿ" ಎಂದ ಕೂಡಲೆ ನಮ್ಮ ಹೆಗಲಿನ ಭಾರವು ಇಳಿದಂತಾಗುವದು. ಹೀಗೆ ತಪ್ಪಿನ ಪ್ರಶ್ನೆಯು ಹೊಣೆಯ ಪ್ರಶ್ನೆಯನ್ನು ಮುಚ್ಚಿಡುವ ಪರದೆಯಾಗಿದೆ.

ತಪ್ಪು ಬೇರೆ, ಹೊಣೆ ಬೇರೆ. ಮಳೆಗಾಲದಲ್ಲಿ ಹಳ್ಳವು ತುಂಬಿ ಬಂದು ಒಂದು ಕುಟುಂಬವು ಆಚೇ ದಡದಲ್ಲಿ ಉಳಿದರೆ, ಮಳೆಯನ್ನು ತಂದವರು ಯಾರೆಂದು ನಾವು ವಿಚಾರಿಸುತ್ತಾ ಕೂಡ್ರುವದಿಲ್ಲ. ಹಗ್ಗ ತರುವೆವು, ಈಜು ಬಲ್ಲವನನ್ನು ಕರೆಯುವೆವು, ಅವರ ದನಗಳಿಗೆ ಮೇವು ಹಾಕುವೆವು. ಮಳೆಯು ನಮ್ಮ ತಪ್ಪಲ್ಲ. ಆದರೂ ಈ ದಡದಲ್ಲಿ ಹಗ್ಗ ಹಿಡುಕೊಂಡು ನಿಂತವರು ನಾವಾದದರಿಂದ ಹೊಣೆಯು ನಮ್ಮದಾಯಿತು. ಆಟಿಸಂ ಉಳ್ಳವನ ತಂದೆತಾಯಿಗಳು ಹೀಗೆಯೇ ಆಚೇ ದಡದಲ್ಲಿ ಉಳಿದವರು. ಮದುವೆಗೆ ಅವರನ್ನು ಕರೆಯುವದಿಲ್ಲ. ಕರೆದರೂ ಮಗು ಕೂಗುವದೆಂದು ಅವರೇ ಬರುವದಿಲ್ಲ. ತಾಯಿಯು ಜ್ವರದಿಂದ ಮಲಗಿದರೆ ಮಗುವನ್ನು ಒಂದು ತಾಸು ನೋಡಿಕೊಳ್ಳುವವರಿಲ್ಲ. ಅಣ್ಣತಂಗಿಯರಿಗೆ ಹೆಣ್ಣುಗಂಡು ಕೊಡಲು ಜನರು ಹಿಂದೆಗೆಯುವರು. ಹಳ್ಳವನ್ನು ತುಂಬಿಸಿದ್ದು ನಾವಲ್ಲದಿದ್ದರೂ ಅದನ್ನು ವರುಷವಿಡೀ ತುಂಬಿರುವಂತೆ ನೋಡಿಕೊಳ್ಳುವವರು ನಾವೇ ಆಗಿದ್ದೇವೆ.

ಹೊಣೆಯ ಮೊದಲನೆಯ ಭಾಗವು ತಿಳುಕೊಳ್ಳುವದು. ಮಗುವು ನೆಲಕ್ಕೆ ಬಿದ್ದು ಹೊರಳಾಡುವಾಗ ಅದು ಹಟವೆಂದು ಕೋಲು ಎತ್ತುವವರುಂಟು. ಆದರೆ ಹಟಮಾರಿಯು ನೋಡುವವರಿದ್ದಾರೋ ಎಂದು ಓರೆಗಣ್ಣಿನಿಂದ ನೋಡುವನು. ಬೇಕಾದದ್ದು ಸಿಕ್ಕಿದ ಕೂಡಲೆ ಸುಮ್ಮನಾಗುವನು. ಈ ಮಗುವಾದರೋ ಸಪ್ಪಳ, ಬೆಳಕು, ಜನಸಂದಣಿ, ದಿನದ ಕ್ರಮದಲ್ಲಿ ಆದ ಬದಲಾವಣೆ ಇವುಗಳನ್ನು ತಾಳಲಾರದೆ ಒಡೆದುಹೋದ ಕಟ್ಟೆಯಂತಿರುವದು. ಕುರುಡನನ್ನು ಕಾಣಲಿಲ್ಲವೆಂದು ಹೊಡೆಯುವವರುಂಟೋ? ಹೊಡೆತದಿಂದ ಕಣ್ಣು ಬಂದದ್ದುಂಟೋ? ಹಾಗಾದರೆ ಬಾಯಿಬಾರದವನನ್ನು ಮಾತಾಡಲಿಲ್ಲವೆಂದು ಹೊಡೆಯುವದೂ, ಓಡಿಹೋಗುವನೆಂದು ಕಂಬಕ್ಕೆ ಕಟ್ಟುವದೂ, ದೆವ್ವ ಬಿಡಿಸುವೆವೆಂದು ಬರೆ ಹಾಕುವದೂ ನ್ಯಾಯವಾಗಲಾರದು. ಬಾಯಿಯಿಲ್ಲದವನ ನಡತೆಯೇ ಅವನ ಮಾತು. ಇವನು ಏನು ಹೇಳುತ್ತಾನೆಂದು ಕೇಳಿಕೊಳ್ಳುವವನಿಗೆ ಉತ್ತರವು ಅನೇಕ ಸಾರಿ ಸಿಕ್ಕುವದು: ಹಲ್ಲುನೋವು, ಹಸಿವು, ಬಟ್ಟೆಯ ಚುಚ್ಚು, ಮುಂದೇನೆಂದು ತಿಳಿಯದ ಭಯ.

ತಿಳುಕೊಂಡವರು ಏನು ಮಾಡಬಲ್ಲರೆಂಬದಕ್ಕೆ ನಿಜವಾದ ಒಂದು ದೃಷ್ಟಾಂತವನ್ನು ಕೇಳಿರಿ. ಕ್ಯಾನರರ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಅವನು ೧೯೩೩ರಲ್ಲಿ ಅಮೇರಿಕಾದ ಮಿಸಿಸಿಪ್ಪಿ ಪ್ರಾಂತದ ಫಾರೆಸ್ಟ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದನು. ನಾಲ್ಕು ವರುಷ ತುಂಬುವದರೊಳಗೆ, ವೈದ್ಯರ ಬುದ್ಧಿವಾದದಂತೆ, ಅವನನ್ನು ದೂರದ ಒಂದು ಆಶ್ರಯದಲ್ಲಿ ಬಿಟ್ಟರು. ಸುಮಾರು ಒಂದು ವರುಷವಾದ ಮೇಲೆ ತಂದೆತಾಯಿಗಳು, ಬೇಡವೆಂದು ಅಲ್ಲಿಯವರು ಹೇಳಿದರೂ ಕೇಳದೆ, ಅವನನ್ನು ಮನೆಗೆ ಕರಕೊಂಡು ಬಂದರು. ೧೯೪೨ರಲ್ಲಿ ಅವನನ್ನು ಊರಿನಿಂದ ಹತ್ತು ಮೈಲು ದೂರದಲ್ಲಿ ಹೊಲಮನೆ ಮಾಡಿಕೊಂಡಿದ್ದ ರೈತ ದಂಪತಿಗಳ ಬಳಿಯಲ್ಲಿ ಇರಿಸಿದರು.

ಹುಡುಗನಿಗೆ ಅಳತೆಯ ಹುಚ್ಚು, ಕಂಡದ್ದನ್ನೆಲ್ಲಾ ಅಳೆಯುವನು. ಆ ರೈತನು ಬೈಯಲಿಲ್ಲ. ಒಂದು ಬಾವಿಯನ್ನು ತೋಡಲು ಹಚ್ಚಿ, ಆಳವೆಷ್ಟಾಯಿತೆಂದು ಬಂದು ಹೇಳು ಎಂದನು. ಹುಡುಗನು ಮೆಕ್ಕೆಜೋಳದ ಸಾಲುಗಳನ್ನು ಎಣಿಸಿದ್ದೇ ಎಣಿಸುವನು. ಎಣಿಸಬೇಡವೆಂದು ಹೇಳದೆ, ನೇಗಿಲು ಹೂಡಿ ಉಳುತ್ತಾ ಎಣಿಸು ಎಂದರು. ಅವನು ಸತ್ತ ಹಕ್ಕಿಗಳನ್ನೂ ಹುಳಗಳನ್ನೂ ಕೂಡಿಸಿಡುವನು. ಅವುಗಳನ್ನು ಹೂಳುವದಕ್ಕೆ ಒಂದು ಮೂಲೆಯನ್ನು ಬಿಟ್ಟುಕೊಟ್ಟು ಗುರುತು ನೆಡಲು ಹೇಳಿದರು. ಹುಡುಗನು ಆ ಗುರುತುಗಳ ಮೇಲೆ ಸತ್ತ ಜಂತುಗಳಿಗೆ ಇಟ್ಟ ಹೆಸರುಗಳ ಕಡೆಯಲ್ಲಿ ಆ ರೈತನ ಮನೆತನದ ಹೆಸರನ್ನೇ ಬರೆದನು! ೧೯೪೫ರಲ್ಲಿ ಕ್ಯಾನರರು ಅಲ್ಲಿಗೆ ಹೋದಾಗ ಅವನು ಕುದುರೆಯನ್ನು ತಿರುಗಿಸಿಕೊಳ್ಳುತ್ತಾ ಆರು ಉದ್ದ ಸಾಲುಗಳನ್ನು ಉತ್ತು ತೋರಿಸಿದನು. ಆ ದಂಪತಿಗಳ ಜ್ಞಾನವನ್ನು ನೋಡಿ ಮಹಾ ವೈದ್ಯರು ಬೆರಗಾದರು.

ಇದರಲ್ಲಿ ನಾವು ಲಕ್ಷ್ಯವಿಡತಕ್ಕದ್ದು ಏನಂದರೆ, ಆ ರೈತರು ಹುಡುಗನನ್ನು ತಮ್ಮ ಅಚ್ಚಿನೊಳಗೆ ಸುರಿದು ಎರಕ ಹೊಯ್ಯಲಿಲ್ಲ. ಅವನು ಆಗಲೇ ಮಾಡುತ್ತಿದ್ದದರ ಮುಂದೆ ಒಂದು ದಾರಿಯನ್ನು ತೆರೆದರು. ಮುಂದೆ ಡೊನಾಲ್ಡನು ಕಾಲೇಜಿನಲ್ಲಿ ಕಲಿತು, ತನ್ನ ಊರಿನ ಬ್ಯಾಂಕಿನಲ್ಲಿ ಬಹು ವರುಷ ಕೆಲಸ ಮಾಡಿ, ಮೋಟಾರು ನಡಿಸಿ, ಒಬ್ಬನೇ ದೇಶದೇಶಗಳನ್ನು ತಿರುಗಿ, ೨೦೨೩ರಲ್ಲಿ ೮೯ ವರುಷದವನಾಗಿ ತೀರಿಕೊಂಡನು. ಅವನ ವಿಷಯ ಬರೆಯಬೇಕೆಂದು ಪತ್ರಿಕೆಯವರು ಊರಿಗೆ ಬಂದಾಗ, ಅವನಿಗೆ ನೋವಾಗುವಂತೆ ಏನಾದರೂ ಮಾಡಿದರೆ ನಾವು ಸುಮ್ಮನಿರುವದಿಲ್ಲವೆಂದು ಊರಿನವರು ಒಬ್ಬರ ತರುವಾಯ ಒಬ್ಬರು ಎಚ್ಚರಿಸಿದರಂತೆ. ಅವನನ್ನು ಊರೇ ಕಾಯುತ್ತಿತ್ತು.

ಇದಕ್ಕೆ ಕೆಲವರು ಆಕ್ಷೇಪಣೆ ಮಾಡಬಹುದು. ಮೊದಲನೆಯದು: "ಅವನ ತಂದೆಯು ವಕೀಲನು, ಬ್ಯಾಂಕು ತಾಯಿಯ ತವರಿನವರದು, ಅವರು ಬಿಳಿಯರು. ಅದೇ ಮಿಸಿಸಿಪ್ಪಿಯಲ್ಲಿ ಒಬ್ಬ ಬಡ ಕರಿಯನ ಮಗನು ಹೀಗೆ ಹುಟ್ಟಿದ್ದರೆ?" ಈ ಆಕ್ಷೇಪಣೆಯು ನ್ಯಾಯವಾದದ್ದೇ. ಆ ಹನ್ನೊಂದು ಮಕ್ಕಳಲ್ಲಿಯೇ ದೊಡ್ಡ ಸರಕಾರೀ ಆಸ್ಪತ್ರೆಗಳಲ್ಲಿ ಬಿಡಲ್ಪಟ್ಟ ಕೆಲವರು ಇದ್ದ ಬುದ್ಧಿಯನ್ನೂ ಕಳಕೊಂಡು ಬಾಡಿಹೋದರೆಂದು ಕ್ಯಾನರರು ೧೯೭೧ರಲ್ಲಿ ದುಃಖದಿಂದ ಬರೆದರು. ಆದರೆ ಇದರಿಂದ ಹೊರಡುವ ತೀರ್ಮಾನವೇನು? ಧನವಂತನ ಮಗನಿಗೆ ಸ್ನೇಹದಿಂದ ಸಿಕ್ಕಿದ್ದು ಕೂಲಿಯವಳ ಮಗನಿಗೆ ನ್ಯಾಯದಿಂದ ಸಿಕ್ಕಬೇಕೆಂಬದೇ. ಕನಿಕರವು ಮನಸ್ಸು ಬಂದಾಗ ಕೊಡುವದು, ಮುಖ ನೋಡಿ ಕೊಡುವದು. ನ್ಯಾಯವು ಮುಖ ನೋಡುವದಿಲ್ಲ. ಆಟಿಸಂ ಉಳ್ಳವನಿಗೆ ನಾವು ಕೊಡತಕ್ಕದ್ದು ಭಿಕ್ಷೆಯಲ್ಲ, ಸಾಲ ತೀರಿಸುವದು.

ಎರಡನೆಯ ಆಕ್ಷೇಪಣೆಯು ಇನ್ನೂ ಆಳವಾದದ್ದು: "ಡೊನಾಲ್ಡನು ಉತ್ತನು, ಎಣಿಸಿದನು. ನಮ್ಮ ಮಗನಾದರೋ ಇಪ್ಪತ್ತು ವರುಷದವನಾದರೂ ತಾನಾಗಿ ಉಣ್ಣಲಾರನು. ಅವನಿಂದ ಯಾರಿಗೆ ಏನು ಉಪಯೋಗ?" ಪ್ರಿಯರೇ, ಉಪಯೋಗವೇ ಮನುಷ್ಯನ ಬೆಲೆಯಾದರೆ ನಮ್ಮಲ್ಲಿ ಯಾರು ನಿಲ್ಲಬಲ್ಲರು? ನಾವೆಲ್ಲರೂ ಮೊದಲು ಕೆಲವು ವರುಷ ಯಾರಿಗೂ ಉಪಯೋಗವಿಲ್ಲದೆ ಒಬ್ಬರ ಕಂಕುಳಲ್ಲಿ ಇದ್ದೆವು. ಕಡೆಯ ಕೆಲವು ವರುಷ ಹಾಗೆಯೇ ಒಬ್ಬರ ಕೈಯಿಂದ ಉಣ್ಣುವವರಾಗುವೆವು. ನಡುವೆ ಇರುವ ಸ್ವಲ್ಪ ಕಾಲದ ಬಲದಿಂದ ಅಳತೆಗೋಲನ್ನು ಮಾಡಿ ಇತರರನ್ನು ಅಳೆಯುವದು ಎಂಥ ಬುದ್ಧಿ? ನೇಗಿಲು ಹಿಡಿದವನೂ ಹಿಡಿಯಲಾರದವನೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣತಕ್ಕವರೇ.

ಇದನ್ನು ಆಟಿಸಂ ಉಳ್ಳವರ ಬಾಯಿಂದಲೂ ಕೇಳಬೇಕು. ಅಮೇರಿಕಾದ ಜಿಮ್ ಸಿಂಕ್ಲೇರ್ ಎಂಬ ಆಟಿಸಂ ಉಳ್ಳವರು ೧೯೯೩ರಲ್ಲಿ ತಂದೆತಾಯಿಗಳಿಗೆ ಒಂದು ಮಾತನ್ನು ತಿಳಿಸಿದರು. ಅದರ ತಾತ್ಪರ್ಯವೇನಂದರೆ: ನೀವು ಅಳುವದು ನೀವು ಎದುರುನೋಡಿದ ಮಗುವಿಗಾಗಿ, ಆ ಮಗುವು ಬರಲಿಲ್ಲ. ಬಂದ ಮಗುವು ನಿಮ್ಮ ಕಣ್ಣೀರಿನ ಆಚೆಯಲ್ಲಿ ನಿಂತು ನಿಮ್ಮನ್ನು ಕಾಯುತ್ತದೆ. ಅಳಬಾರದೆಂದು ಆ ತಾಯಿಗೆ ಹೇಳಲು ನಮಗೆ ಅಧಿಕಾರವಿಲ್ಲ. ಆದರೆ ಅತ್ತ ಮೇಲೆ ಕಣ್ಣೊರಸಿಕೊಂಡು ಬಂದ ಮಗುವನ್ನು ನೋಡುವಂತೆ ಅವಳ ಪಕ್ಕದಲ್ಲಿ ಕೂಡ್ರಲು ನಮ್ಮಿಂದ ಆಗುವದು.

ಮೂರನೆಯ ಆಕ್ಷೇಪಣೆ: "ನಾವು ಹಳ್ಳಿಯವರು, ವೈದ್ಯರು ದೂರ, ನಮಗೇನು ತಿಳಿಯುವದು?" ಇದಕ್ಕೆ ಉತ್ತರವು ನಮ್ಮ ನೆರೆಯ ಗೋವೆಯಲ್ಲಿಯೇ ಉಂಟು. ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ನಡೆದ ಒಂದು ಪರೀಕ್ಷೆಯು ೨೦೧೬ರಲ್ಲಿ ಪ್ರಕಟವಾಯಿತು. ಅದರಲ್ಲಿ ೬೫ ಮಕ್ಕಳು ಇದ್ದರು. ವೈದ್ಯರಲ್ಲದ ಸಾಧಾರಣ ಕಾರ್ಯಕರ್ತರು ತರಬೇತು ಹೊಂದಿ, ಅವರಲ್ಲಿ ಅರ್ಧದಷ್ಟು ಮಕ್ಕಳ ತಂದೆತಾಯಿಗಳಿಗೆ ಆರು ತಿಂಗಳಲ್ಲಿ ಹನ್ನೆರಡು ಸಾರಿ ಕಲಿಸಿದರು. ಮಗುವು ನೋಡುವ ಕಡೆಗೆ ತಾವೂ ನೋಡುವದು, ಮಗುವು ಆಡುವ ಆಟದಲ್ಲಿ ಆತುರಪಡದೆ ಸೇರುವದು, ಅದರ ಚಿಕ್ಕ ಸನ್ನೆಗೂ ಉತ್ತರ ಕೊಡುವದು, ಇಂಥವೇ ಆ ಪಾಠಗಳು. ಕಲಿತ ತಂದೆತಾಯಿಗಳು ಮಗುವಿನ ಮನಸ್ಸಿಗೆ ಹೊಂದಿ ನಡೆಯುವದು ಹೆಚ್ಚಿತು. ಮಕ್ಕಳು ತಾವಾಗಿ ಅವರ ಕಡೆಗೆ ತಿರುಗಿ ತಿಳಿಸುವದೂ ಹೆಚ್ಚಿತು. ಇದಕ್ಕೆ ದೊಡ್ಡ ಯಂತ್ರವೂ ಬೇಡ, ದೊಡ್ಡ ಕಟ್ಟಡವೂ ಬೇಡ. ಆಟಿಸಮ್ಮನ್ನು ಅಳಿಸಿಬಿಡುವ ಔಷಧವು ಲೋಕದಲ್ಲಿ ಎಲ್ಲಿಯೂ ಇಲ್ಲ; ಇದೆಯೆಂದು ಹೇಳಿ ಹೊಲವನ್ನು ಮಾರಿಸುವವನು ವೈದ್ಯನಾದರೂ ಮಂತ್ರವಾದಿಯಾದರೂ ಅವನ ಬಾಗಿಲಿಗೆ ಹೋಗಬೇಡಿರಿ.

ಹಾಗಾದರೆ ಯಾರ ಬಾಗಿಲಿಗೆ ಹೋಗತಕ್ಕದ್ದು? ಸಂಶಯ ಬಂದ ಕೂಡಲೆ, ಮಾತು ತಡವಾಗಿ ಬಂದೀತೆಂದು ವರುಷಗಟ್ಟಲೆ ಕಾಯದೆ, ಅಂಗನವಾಡಿಯವರಿಗೂ ಆಶಾ ಕಾರ್ಯಕರ್ತೆಗೂ ತಿಳಿಸಿರಿ. ಮಕ್ಕಳ ಆರೋಗ್ಯವನ್ನು ಪರೀಕ್ಷಿಸುವ ಸರಕಾರದ ತಂಡದವರು ಅಂಗನವಾಡಿಗೂ ಶಾಲೆಗೂ ಬಂದಾಗ ಮಗುವನ್ನು ಅಡಗಿಸಿಡದೆ ತೋರಿಸಿರಿ. ಅವರು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿಕೊಡುವರು. ಮೊದಲು ಕಿವಿಯ ಪರೀಕ್ಷೆಯಾಗಬೇಕು. ಕಿವಿ ಕೇಳದ್ದರಿಂದಲೂ ಮಾತು ಬಾರದಿರಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಇಂಥ ಮಕ್ಕಳನ್ನು ನೋಡುವ ತಜ್ಞರುಂಟು.

ದೇಶದ ಕಾಯಿದೆಯು ಸಹ ನಿಧಾನವಾಗಿ ಕಣ್ಣು ತೆರೆಯಿತು. ೧೯೯೫ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಅದನ್ನು ಹೆಸರಿಸಿತು; ೨೦೧೬ರ ಕಾಯಿದೆಯು ೨೧ ವಿಧದ ಅಂಗವಿಕಲತೆಗಳಲ್ಲಿ ಅದನ್ನು ಸೇರಿಸಿತು. ನೂರಕ್ಕೆ ೪೦ ಅಥವಾ ಹೆಚ್ಚು ಅಂಗವಿಕಲತೆಯೆಂದು ಪ್ರಮಾಣಪತ್ರವುಳ್ಳ ಮಕ್ಕಳಿಗೆ ೬ ವರುಷದಿಂದ ೧೮ ವರುಷದ ವರೆಗೆ ಹಣವಿಲ್ಲದೆ ಶಾಲೆ ಕಲಿಯುವ ಹಕ್ಕು ಉಂಟು. ನಿರಾಮಯ ಎಂಬ ವಿಮೆಯಿಂದ ಚಿಕಿತ್ಸೆಯ ವೆಚ್ಚಕ್ಕೆ ಒಂದು ಲಕ್ಷ ರೂಪಾಯಿಯ ವರೆಗೆ ಸಹಾಯವುಂಟು. ಈ ಕಾಗದಗಳ ಕೆಲಸದಲ್ಲಿ ಸಹಾಯ ಮಾಡುವದಕ್ಕೆ ನಮ್ಮ ರಾಜ್ಯದ ಗ್ರಾಮಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆದರೆ ಓದಲು ಬಾರದ ತಾಯಿಯು ಇದನ್ನೆಲ್ಲಾ ಹೇಗೆ ಮಾಡಿಯಾಳು? ಇಲ್ಲಿಯೇ ನಮ್ಮ ಹೊಣೆಯು ಕಾಲು ಮೂಡಿ ನಡೆಯಬೇಕು. ಅಕ್ಷರ ಬಲ್ಲವನೊಬ್ಬನು ಒಂದು ದಿನದ ಕೆಲಸವನ್ನು ಬಿಟ್ಟು ಅವಳ ಸಂಗಡ ತಾಲೂಕಿಗೆ ಹೋಗಿ ಬಂದರೆ, ಹತ್ತು ಸಾರಿ "ಅಯ್ಯೋ ಪಾಪ" ಎಂದದ್ದಕ್ಕಿಂತ ಅದು ಹೆಚ್ಚಿನದು.

ಇಂಥ ತಂದೆತಾಯಿಗಳ ಎದೆಯಲ್ಲಿ ಹಗಲೂ ರಾತ್ರಿಯೂ ಕೊರೆಯುವ ಪ್ರಶ್ನೆಯು ಒಂದುಂಟು: "ನಮ್ಮ ತರುವಾಯ ಇವನಿಗೆ ಯಾರು?" ಇವನಿಗಿಂತ ಒಂದು ದಿನ ಹೆಚ್ಚಾಗಿ ಬದುಕಬೇಕೆಂದು ಬೇಡಿಕೊಳ್ಳುವ ತಾಯಂದಿರುಂಟು. ಹದಿನೆಂಟು ವರುಷ ದಾಟಿದವನಿಗೆ ಪೋಷಕನನ್ನು ನೇಮಿಸುವದಕ್ಕೆ ೧೯೯೯ರ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿಯುಂಟು. ಅದು ಒಳ್ಳೇದೇ. ಆದರೆ ಸಮಿತಿಯು ಸಹಿ ಹಾಕಬಹುದು. ಸಂಜೆಯ ರೊಟ್ಟಿಯನ್ನು ಮುರಿದು ಕೈಗೆ ಕೊಡುವದಕ್ಕೆ ಒಬ್ಬ ಮನುಷ್ಯನು ಬೇಕು. ಆ ಮನುಷ್ಯನು ತಾಯಿಯು ಸತ್ತ ಮರುದಿನ ಎಲ್ಲಿಂದಲೋ ಬರುವದಿಲ್ಲ. ಅವಳು ಬದುಕಿರುವಾಗಲೇ ಆ ಮನೆಗೆ ಹೋಗಿ ಬಂದು, ಅವನಿಗೆ ಏನು ಇಷ್ಟ, ಏನು ಭಯ ಎಂಬದನ್ನು ಕಲಿತವನಾಗಿರಬೇಕು.

ಆದಕಾರಣ ನಮ್ಮ ಕೂಟಗಳಿಂದಲೇ ಪ್ರಾರಂಭಿಸೋಣ. ಆರಾಧನೆಯ ಹೊತ್ತಿನಲ್ಲಿ ಮಗುವೊಂದು ಕೂಗಿದರೆ ನಲವತ್ತು ತಲೆಗಳು ಹಿಂದೆ ತಿರುಗಬಾರದು. ಅದಕ್ಕೆ ಬಾಗಿಲಿನ ಬಳಿಯಲ್ಲಿ ಒಂದು ಸ್ಥಳವಿರಲಿ, ಬೇಕಾದಾಗ ಎದ್ದು ಹೋಗಲಿ, ಬರಲಿ. ಡೋಲು ಹೊಡೆಯುವವರು ಆ ಮಗುವಿನ ಕಿವಿಯನ್ನು ನೆನಸಲಿ. ನಮ್ಮ ಮಕ್ಕಳಿಗೆ, ಅವನನ್ನು ಅಣಕಿಸಬಾರದೆಂದು ಮಾತ್ರವಲ್ಲ, ಅವನ ಸಂಗಡ ಹೇಗೆ ಆಡಬೇಕೆಂದೂ ಕಲಿಸೋಣ. ವಾರಕ್ಕೆ ಒಂದು ಮಧ್ಯಾಹ್ನ ಒಬ್ಬಳು ಅಕ್ಕನು ಆ ಮನೆಗೆ ಹೋಗಿ, "ನೀನು ಸ್ವಲ್ಪ ಮಲಗಿಕೋ ತಂಗೀ, ಇವನನ್ನು ನಾನು ನೋಡುವೆನು" ಎಂದು ಹೇಳಲಿ. ಮದುವೆಗೆ ಕರೆಯುವಾಗ ಆ ಮಗುವಿನ ಹೆಸರನ್ನು ಹೇಳಿಯೇ ಕರೆಯೋಣ.

ತಪ್ಪು ಯಾರದೆಂದು ಇನ್ನು ಯಾರಾದರೂ ಕೇಳಿದರೆ, ಯಾರದೂ ಅಲ್ಲವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿರಿ. ಹೊಣೆ ಯಾರದೆಂದು ಕೇಳಿದರೆ ಮಾತ್ರ ಬೇಗನೆ ಮುಗಿಸಬೇಡಿರಿ. ನಿಮ್ಮ ಓಣಿಯಲ್ಲಿ ಅಂಥ ಮನೆ ಯಾವದು, ಆ ಬಾಗಿಲಿಗೆ ನೀವು ಹೋಗಿ ಎಷ್ಟು ದಿನವಾಯಿತು ಎಂಬದನ್ನು ಎಣಿಸಿರಿ; ಎಣಿಸಿ ಆದ ಮೇಲೆ ಎದ್ದು ಹೋಗಿರಿ.